ಹರಿಗೋಲಿನಲ್ಲಿ ಬಳ್ಳೊಳ್ಳಿ ವಾಸನೆ: ಕೃಷ್ಣಾ ದಾಟುವಾಗ ನಡೆದ ಒಂದು ಪ್ರಕರಣ

ಗ್ಯಾಸ್ ಸಿಲಿಂಡರ್ ಅಡ್ಡ ಮಲಗಿಸಿ, ಮೇಲೊಂದು ಟವೆಲ್ ಹಾಸಿ, ಅದರ ಮೇಲೆ ಕೂತು ನದಿ ದಾಟಿದವರು ನಮ್ಮ ಕಡೆ ಬೇಕಾದಷ್ಟು ಜನ ಇದ್ದಾರೆ. ನಾನೂ ದಾಟಿದ್ದೇನೆ, ಸುಳ್ಳು ಯಾಕೆ ಹೇಳಲಿ. ಹರಿಗೋಲಿನಲ್ಲಿ ಅದು ಒಳ್ಳೆ ಸೀಟು. ತಳದ ನೀರು ತಾಗುವುದಿಲ್ಲ.

ರಾಯಚೂರು ಜಿಲ್ಲೆಗೆ ಉತ್ತರಕ್ಕೆ ಕೃಷ್ಣಾ, ದಕ್ಷಿಣಕ್ಕೆ ತುಂಗಭದ್ರಾ. ಎರಡು ಹೊಳೆಗಳ ನಡುವಿನ ನೆಲ ಅಂತಲೇ ಹಳಬರು ಇದನ್ನ ಎಡೆದೊರೆ ನಾಡು ಅಂದರು. ಕೃಷ್ಣೆಯ ನಡುಗಡ್ಡೆಗಳ ಮೇಲೂ ಊರುಗಳಿವೆ. ಮಳೆಗಾಲದಲ್ಲಿ ನಾರಾಯಣಪುರದ ಬಸವಸಾಗರದಿಂದ ಲಕ್ಷಗಟ್ಟಲೆ ಕ್ಯೂಸೆಕ್ ನೀರು ಬಿಟ್ಟರೆ ಅಲ್ಲಿಯವರು ಅಲ್ಲೇ, ಇಲ್ಲಿಯವರು ಇಲ್ಲೇ. ಉಳಿದ ದಿನ ಹರಿಗೋಲು. ನಾನು ಹೇಳುವ ಘಟನೆ ಅಂಥ ಒಂದು ಊರಿಗೆ ಹೋಗುವಾಗ ನಡೆದದ್ದು. ಊರ ಹೆಸರು ಬರೆಯುವುದಿಲ್ಲ. ಬರೆದರೆ ನಾಳೆ ಯಾರಾದರೂ ಬಂದು ಹರಿಗೋಲು ಬಂದ್ ಮಾಡಿಸುತ್ತಾರೆ, ಅಂಬಿಗರ ಹೊಟ್ಟೆ ಮೇಲೆ ಬರೆ ಬೀಳುತ್ತದೆ, ಊರವರು ಮತ್ತೆ ಕದ್ದು ಮುಚ್ಚಿ ದಾಟುತ್ತಾರೆ. ಅಷ್ಟೇ ಆಗುವುದು.

ನಾನು ಯಾಕೆ ಇದನ್ನ ಬರೆಯಬೇಕು ಅಂದರೆ, ಏಳು ವರ್ಷ ಮಂಗಳೂರಿನ ಪಣಂಬೂರು ಬಂದರಿನ ಹತ್ತಿರ ಸರಕಿನ ಕಾಗದ ಪತ್ರ ನೋಡುವ ಕೆಲಸದಲ್ಲಿದ್ದೆ. ಅಪಾಯದ ಸರಕು ಹಡಗು ಹತ್ತುವ ಮುಂಚೆ ಅದರ ಡಿಕ್ಲರೇಷನ್ ಸರಿ ಇದೆಯಾ, ಡಬ್ಬಿ ಸರಿ ಇದೆಯಾ, ಲೇಬಲ್ ಹಚ್ಚಿದ್ದಾರಾ ಅಂತ ನೋಡುವುದು ನನ್ನ ಪಾಲು. ಅದೇ ಪಣಂಬೂರಿಗೆ ಹಡಗಿನಲ್ಲಿ ಎಲ್‌ಪಿಜಿ ಬರುತ್ತದೆ. ಹಡಗು ನಿಂತಾಗ ಜೆಟ್ಟಿಯ ಮೇಲೆ ಬೆಂಕಿಕಡ್ಡಿ ತರುವ ಹಾಗಿಲ್ಲ. ಅಂಥದ್ದೇ ಗ್ಯಾಸು ಕೃಷ್ಣಾ ದಂಡೆಗೆ ಬರುವ ಹೊತ್ತಿಗೆ ಸೀಟಾಗುತ್ತದೆ, ಪಕ್ಕದಲ್ಲಿ ಒಬ್ಬ ಅಜ್ಜ ಬೀಡಿ ಹಚ್ಚುತ್ತಾನೆ.

ಆ ದಿನ ಏನೇನಿತ್ತು

ಡಿಸೆಂಬರ್ ತಿಂಗಳು, ಬೆಳಗ್ಗೆ ಎಂಟೂವರೆ. ನೆಲ್ಲು ಮನೆಗೆ ಬಂದಿತ್ತು. ನಮ್ಮ ಸಂಬಂಧಿಕರ ಮನೆಯಲ್ಲಿ ಮಗುವಿನ ಜವಳ, ಅದಕ್ಕೇ ನಾನು ಹೊರಟಿದ್ದೆ. ಹೊಳೆ ಅಲ್ಲಿ ಅರ್ಧ ಕಿಲೋಮೀಟರ್ ಅಗಲ ಇದ್ದೀತು, ದಾಟಲು ಇಪ್ಪತ್ತು ನಿಮಿಷ.

ಹರಿಗೋಲು ಸುಮಾರು ಹತ್ತು ಅಡಿ ಅಗಲದ್ದು. ಮೊದಲೆಲ್ಲ ತೊಗಲು ಹೊದಿಸುತ್ತಿದ್ದರಂತೆ, ಈಗ ಬಿದಿರ ಹೆಣಿಕೆಗೆ ಪ್ಲಾಸ್ಟಿಕ್ ಹಾಳೆ, ಮೇಲೆ ಡಾಂಬರು. ಅಂದರೆ ಇಡೀ ಹರಿಗೋಲೇ ಉರುವಲು, ಅದು ನೀರಿನ ಮೇಲಿದೆ ಅನ್ನೋದೊಂದೇ ಸಮಾಧಾನ. ಎಷ್ಟೇ ಡಾಂಬರು ಬಳಿದರೂ ತಳದಲ್ಲಿ ನಾಲ್ಕು ಬೆರಳು ನೀರು ನಿಲ್ಲುತ್ತದೆ. ಈ ನೀರನ್ನ ನೆನಪಿಟ್ಟುಕೊಳ್ಳಿ.

ಜನ ಹದಿಮೂರು, ಅಂಬಿಗರು ಇಬ್ಬರು. ಶಾಲೆ ಮೇಷ್ಟ್ರ ಬೈಕು ನಡುವೆ ನಿಂತಿತ್ತು. ಗ್ಯಾಸ್ ಏಜೆನ್ಸಿಯ ಗಾಡಿ ದಂಡೆತನಕ ಮಾತ್ರ ಬರುತ್ತದೆ, ಹಾಗಾಗಿ ತುಂಬಿದ ಸಿಲಿಂಡರ್ ಒಂದು ಅಡ್ಡ ಬಿದ್ದಿತ್ತು, ಮೇಲೆ ಇಬ್ಬರು ಹುಡುಗರು. ಶಾಮಿಯಾನದ ಹುಡುಗ ಜನರೇಟರಿಗೆ ಅಂತ ಐದು ಲೀಟರ್ ಪೆಟ್ರೋಲನ್ನ ಅಡಿಗೆ ಎಣ್ಣೆಯ ಪ್ಲಾಸ್ಟಿಕ್ ಕ್ಯಾನಿನಲ್ಲಿ ತಂದಿದ್ದ, ಮುಚ್ಚಳ ಸಡಿಲ ಅಂತ ಬಾಯಿಗೆ ಪ್ಲಾಸ್ಟಿಕ್ ಕವರ್ ತುರುಕಿದ್ದ. ಆಸ್ಪತ್ರೆಯಿಂದ ವಾಪಸ್ ಹೊರಟ ಬಾಣಂತಿ, ಕೈಯಲ್ಲಿ ಕೂಸು, ಜೊತೆಗೆ ಅವಳ ಅವ್ವ. ಇನ್ನೊಬ್ಬ ರೈತರ ಹತ್ತಿರ ಒಂದು ಗೊಬ್ಬರದ ಖಾಲಿ ಚೀಲ, ಒಳಗೆ ಕಿರಾಣಿ ಸಾಮಾನು. ಎಲ್ಲರ ಚೀಲಗಳೂ ರೂಢಿಯಂತೆ ತಳಕ್ಕೆ ಹೋದವು. ಹರಿಗೋಲು ಅಂದರೆ ಬೋಗುಣಿ ಅಲ್ವಾ, ಎಲ್ಲವೂ ನಡುವಿಗೇ ಜಾರುತ್ತದೆ.

ವಾಸನೆ

ನಟ್ಟ ನಡು ಹೊಳೆಗೆ ಬಂದಿದ್ದೆವು. ಬಾಣಂತಿಯ ಅವ್ವ ಮೂಗು ಮುಚ್ಚಿಕೊಂಡು, "ಬಳ್ಳೊಳ್ಳಿ ಕೊಳೆತಂಗ ವಾಸನಿ ಬರಾಕತ್ತೈತಲ್ಲ, ಯಾರ ಚೀಲದಾಗ ಏನೈತ್ರೀ?" ಅಂದಳು. ಯಾರೋ ನಕ್ಕರು. ಒಂದೆರಡು ನಿಮಿಷಕ್ಕೆ ನನಗೂ ಬಂತು. ಬೆಳ್ಳುಳ್ಳಿ, ಜೊತೆಗೆ ಒಣಮೀನು ಕೆಟ್ಟ ಹಾಗೆ. ಬಾಣಂತಿ ತಲೆ ಸುತ್ತುತ್ತದೆ ಅಂದಳು, ಅಂಚಿಗೆ ಬಾಗಿ ವಾಂತಿ ಮಾಡಿದಳು.

ಸಿಲಿಂಡರ್ ಮೇಲೆ ಕೂತಿದ್ದ ಹುಡುಗ ದಿಗ್ಗನೆ ಎದ್ದು, "ಗ್ಯಾಸ್ ಲೀಕ್ ಆಗೈತಿ!" ಅಂತ ಕೂಗಿದ.

ಆಮೇಲಿನ ಅರ್ಧ ನಿಮಿಷ ನನಗೆ ಈಗಲೂ ನಿದ್ದೆಯಲ್ಲಿ ಬರುತ್ತದೆ. ಎಂಟು ಜನ ಒಟ್ಟಿಗೆ ಎದ್ದು ಸಿಲಿಂಡರಿಂದ ದೂರ ಅಂತ ಒಂದೇ ಬದಿಗೆ ಸರಿದರು. ಹರಿಗೋಲು ವಾಲಿತು, ಅಂಚಿನ ಮೇಲಿಂದ ನೀರು ಬಳಬಳ ಒಳಗೆ ಬಂತು, ಬೈಕು ಜಾರಿ ಮೇಷ್ಟ್ರ ಕಾಲಿನ ಮೇಲೆ ಬಿತ್ತು, ಪೆಟ್ರೋಲ್ ಕ್ಯಾನು ಉರುಳಿತು. ಅಂಬಿಗ ಕಾಕಾ ಒಮ್ಮೆ ಗದರಿದ: "ಕೂಡ್ರಿ! ಇದ್ದಲ್ಲೇ ಕೂಡ್ರಿ! ಎದ್ದವನ್ನ ನಾನೇ ಹೊಳ್ಯಾಗ ನೂಕ್ತೀನಿ!" ಅವನ ದನಿಗೆ ಹೆದರಿ ಕೂತರು, ಗ್ಯಾಸಿಗಲ್ಲ. ಹರಿಗೋಲು ನೆಟ್ಟಗಾಯಿತು.

ಬೀಡಿ ಅಜ್ಜನ ಕೈಯಿಂದ ಕಡ್ಡಿಪೆಟ್ಟಿಗೆ ಕಸಿದು ನಾನು ಜೇಬಿಗೆ ಹಾಕಿಕೊಂಡೆ. ಇನ್ನೊಬ್ಬ ಹುಡುಗ ಸಿಲಿಂಡರನ್ನೇ ಹೊಳೆಗೆ ಎಸೆಯೋಣ ಅಂದ. ಎಸೆದಿದ್ದರೂ ಅದು ಮುಳುಗುತ್ತಿರಲಿಲ್ಲ. ಮನೆಬಳಕೆ ಸಿಲಿಂಡರಿನಲ್ಲಿ 14.2 ಕೆಜಿ ಗ್ಯಾಸು, ಉಕ್ಕಿನ ತೂಕ ಸೇರಿ ಮೂವತ್ತು ಕೆಜಿ ಆಸುಪಾಸು, ಅದರ ಒಳಗಾತ್ರವೇ 33 ಲೀಟರ್ ದಾಟುತ್ತದೆ. ತೇಲಿಕೊಂಡು ತೆಲಂಗಾಣದ ಜುರಾಲಾ ಡ್ಯಾಮಿನ ಹಿನ್ನೀರು ಸೇರುತ್ತಿತ್ತು, ಅಷ್ಟೇ. ಮೇಷ್ಟ್ರು ಕಾಲು ನೋವಲ್ಲೂ ಸಿಲಿಂಡರ್ ನೆಟ್ಟಗೆ ನಿಲ್ಲಿಸಿ ನೋಡಿದರು. ಮುಚ್ಚಳ ಬಿಗಿ ಇತ್ತು, ಸೀಲಿನ ದಾರ ಹಾಗೇ ಇತ್ತು. ಬಾಯಿಗೆ ಒಂದಿಷ್ಟು ನೀರು ಹಾಕಿದರು, ಗುಳ್ಳೆ ಬರಲಿಲ್ಲ.

ಹಾಗಾದರೆ ವಾಸನೆ ಎಲ್ಲಿಂದ?

ನನಗೆ ಅಷ್ಟರಲ್ಲಿ ಅನುಮಾನ ಬಂದಿತ್ತು. ಎಲ್‌ಪಿಜಿಗೆ ಸ್ವಂತ ವಾಸನೆ ಇಲ್ಲ, ಸೋರಿದರೆ ಗೊತ್ತಾಗಲಿ ಅಂತ ಮರ್ಕ್ಯಾಪ್ಟಾನ್ ಬೆರೆಸುತ್ತಾರೆ, ಅದು ಕೊಳೆತ ಎಲೆಕೋಸಿನ ವಾಸನೆ. ಅಡಿಗೆಮನೆಯಲ್ಲಿ ಎಲ್ಲರೂ ಒಮ್ಮೆಯಾದರೂ ಮೂಸಿರುತ್ತಾರೆ. ಇದು ಬೇರೆ. ಬೆಳ್ಳುಳ್ಳಿ, ಕೆಟ್ಟ ಮೀನು ಅಂದರೆ ಬಂದರಿನಲ್ಲಿ ನಮಗೆ ಹೇಳಿಕೊಟ್ಟಿದ್ದು ಒಂದೇ ಹೆಸರು. ಫಾಸ್ಫೀನ್, ಧಾನ್ಯದ ಹುಳಕ್ಕೆ ಇಡುವ ಗುಳಿಗೆ ಬಿಡುವ ವಿಷದ ಅನಿಲ.

"ನೆಲ್ಲಿಗೆ ಇಡೋ ಗುಳಿಗಿ ಯಾರ್ ತಂದೀರಿ?" ಅಂತ ಕೇಳಿದೆ. ಯಾರೂ ಮಾತಾಡಲಿಲ್ಲ. ಎರಡನೇ ಸಲ ಕೇಳಿದಾಗ ಗೊಬ್ಬರ ಚೀಲದ ರೈತರು ತಲೆ ತಗ್ಗಿಸಿ, "ನಂದೈತ್ರೀ ಅಣ್ಣಾ. ಅಂಗಡ್ಯಾವ ಯಾರಿಗೂ ತೋರಿಸಬ್ಯಾಡ ಅಂದಿದ್ದ" ಅಂದರು.

ಚೀಲ ಎತ್ತಿದರೆ ತಳ ತೊಯ್ದು ತೊಟ್ಟಿಕ್ಕುತ್ತಿತ್ತು. ಒಳಗೆ ಸಕ್ಕರೆ, ಚಹಾಪುಡಿ, ಅದರಡಿ ಒಂದು ತೆಳು ಪ್ಲಾಸ್ಟಿಕ್ ಕವರು, ಗಂಟು ಹಾಕಿದ್ದು, ಅದರಲ್ಲಿ ಇಪ್ಪತ್ತು ಬೂದಿ ಬಣ್ಣದ ಗುಳಿಗೆ. ಬಿಡಿ. ಕಂಪನಿಯ ಡಬ್ಬಿ ಇಲ್ಲ, ಚೀಟಿ ಇಲ್ಲ, ತಲೆಬುರುಡೆ ಗುರುತಿಲ್ಲ. ಗಂಟಿನ ಬಳಿ ಕವರು ಸಣ್ಣಗೆ ಹರಿದಿತ್ತು.

ಶಾಮಿಯಾನದ ಹುಡುಗ ಒಳ್ಳೆ ಮನಸ್ಸಿನಿಂದಲೇ ಅಂದ, "ನೀರಾಗ ಅದ್ದಿಬಿಡ್ರೀ, ಆರಿಹೋಗ್ತೈತಿ." ಹೊಗೆ ಬಂದರೆ ನೀರು ಹಾಕು ಅನ್ನೋದು ಎಲ್ಲರಿಗೂ ರಕ್ತದಲ್ಲಿ ಬಂದದ್ದು. ಈ ವಸ್ತುವಿನ ವಿಷಯದಲ್ಲಿ ಅದೇ ಎಲ್ಲಕ್ಕಿಂತ ಕೆಟ್ಟ ಕೆಲಸ. ಅಂಬಿಗ ಕಾಕಾ ಒಂದು ಗಳ ಕೊಟ್ಟ. ಅದರ ತುದಿಗೆ ಕವರು ಕಟ್ಟಿ, ಗಾಳಿ ಹೋಗುವ ಕಡೆಗೆ ಹೊರಗೆ ಚಾಚಿ, ಗಾಳದ ಕೋಲು ಹಿಡಿದ ಹಾಗೆ ಹಿಡಿದುಕೊಂಡು ಉಳಿದ ಹೊಳೆ ದಾಟಿದೆವು. ನೋಡಿದವರು ನಕ್ಕಿರಬೇಕು. ಆಚೆ ದಂಡೆಯ ಒಣ ಮರಳಿನಲ್ಲಿ, ಮನೆಗಳಿಂದ ದೂರ ಇಟ್ಟು, ದನಕರು ಬಾರದ ಹಾಗೆ ಸುತ್ತ ಜಾಲಿಮುಳ್ಳು ಹಚ್ಚಿದೆವು. ಬಾಣಂತಿ ಮತ್ತು ಕೂಸನ್ನ ಮುಂದಿನ ಹರಿಗೋಲಿನಲ್ಲೇ ವಾಪಸ್ ಕರೆದೊಯ್ದು ರಾಯಚೂರಿನಲ್ಲಿ ತೋರಿಸಿದರು. ಸಂಜೆಗೆ ಇಬ್ಬರೂ ಮನೆಗೆ ಬಂದರು. ಮೇಷ್ಟ್ರ ಹಿಮ್ಮಡಿ ಮಾತ್ರ ಹದಿನೈದು ದಿನ ಊದಿತ್ತು.

ಆ ಬೋಗುಣಿಯೊಳಗೆ ನಿಜವಾಗಿ ಏನಾಗುತ್ತಿತ್ತು

ಆ ಗುಳಿಗೆ ಅಲ್ಯುಮಿನಿಯಂ ಫಾಸ್ಫೈಡ್. ಗಾಳಿಯ ತೇವ ತಾಗಿದರೂ ಸಾಕು, ನಿಧಾನವಾಗಿ ಫಾಸ್ಫೀನ್ ಅನಿಲ ಬಿಡುತ್ತದೆ, ಆ ಅನಿಲವೇ ಧಾನ್ಯದ ಹುಳ ಕೊಲ್ಲುವುದು. 3 ಗ್ರಾಂ ತೂಕದ ಒಂದು ಗುಳಿಗೆ 1 ಗ್ರಾಂ ಫಾಸ್ಫೀನ್ ಕೊಡುತ್ತದೆ. ಗಾಳಿಯಲ್ಲಿ ಹತ್ತು ಲಕ್ಷ ಪಾಲಿಗೆ 50 ಪಾಲು ಇದ್ದರೆ ಜೀವಕ್ಕೇ ಅಪಾಯ ಅಂತ ಲೆಕ್ಕ.

ನಾನು ಆಮೇಲೆ ಕೂತು ಗುಣಿಸಿದೆ. ಇಪ್ಪತ್ತು ಗುಳಿಗೆ ಅಂದರೆ 20 ಗ್ರಾಂ ಫಾಸ್ಫೀನ್, ಅಂದರೆ ಹದಿನಾಲ್ಕು ಲೀಟರ್‌ಗಿಂತ ಜಾಸ್ತಿ ಅನಿಲ. ಹರಿಗೋಲಿನ ಒಳಗಿನ ಜಾಗ ನಾಲ್ಕು ಸಾವಿರ ಲೀಟರ್ ಇದ್ದೀತು. ಐವತ್ತರಲ್ಲಿ ಒಂದು ಪಾಲು ಅನಿಲ ಮಾತ್ರ ಹೊರಬಿದ್ದು ಆ ಬೋಗುಣಿಯಲ್ಲೇ ನಿಂತಿದ್ದರೂ 50ರ ಗೆರೆ ದಾಟುತ್ತಿತ್ತು. ನಿಲ್ಲಲಿಲ್ಲ, ಹೊಳೆಯ ಗಾಳಿ ಎತ್ತಿಕೊಂಡು ಹೋಯಿತು. ಬಾಣಂತಿ ಎಲ್ಲರಿಗಿಂತ ಕೆಳಗೆ, ತಳದ ಹತ್ತಿರ, ಗಾಳಿ ಬಡಿಯದ ಹಾಗೆ ಕೂಸನ್ನ ಮುಚ್ಚಿಕೊಂಡು ಕೂತಿದ್ದಳು. ಅದಕ್ಕೇ ಮೊದಲು ಅವಳಿಗೇ ತಾಗಿತು.

ಇನ್ನೊಂದು ಮಾತು. ಗುಳಿಗೆಗಳ ಮೇಲೆ ನೀರು ನೇರವಾಗಿ ಬಿದ್ದರೆ ಈ ಅನಿಲ ತಾನಾಗಿಯೇ ಹೊತ್ತಿಕೊಳ್ಳಲೂಬಹುದು. ಕಡ್ಡಿ ಬೇಕಿಲ್ಲ. ಒಂದು ಮೊಳ ದೂರದಲ್ಲಿ ಪೆಟ್ರೋಲ್ ಕ್ಯಾನು ಉರುಳಿ ಬಿದ್ದಿತ್ತು. ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ, ಎಲ್‌ಪಿಜಿಯೂ ಗಾಳಿಗಿಂತ ಭಾರವೇ. ದೊಡ್ಡ ಬಯಲಿನಲ್ಲಾದರೆ ಹರಡಿ ಹೋಗುತ್ತದೆ. ಹರಿಗೋಲಿನಲ್ಲಿ? ಅಂಬಲಿ ಬೋಗುಣಿಯ ತಳಕ್ಕೆ ಕೂತ ಹಾಗೆ ಕೂರುತ್ತದೆ, ಜನರ ಕಾಲ ಬುಡದಲ್ಲಿ. ಹೊಳೆಯ ಮೇಲೆ ಗಾಳಿ ಇದೆ, ಏನೂ ಆಗಲ್ಲ ಅನ್ನುವವರು ಈ ಬೋಗುಣಿಯ ಲೆಕ್ಕ ಮರೆಯುತ್ತಾರೆ.

ಸಿಲಿಂಡರ್ ಅಂದು ತಪ್ಪು ಮಾಡಲಿಲ್ಲ, ಆದರೆ ಅಡ್ಡ ಮಲಗಿಸಿದ್ದು ತಪ್ಪೇ. ನೆಟ್ಟಗಿದ್ದರೆ ವಾಲ್ವಿನ ಕೆಳಗೆ ಆವಿ ಇರುತ್ತದೆ, ಮಲಗಿಸಿದರೆ ಅಲ್ಲಿಗೆ ದ್ರವವೇ ಬರುತ್ತದೆ. ಸೋರಿದರೆ ಒಂದು ಲೀಟರ್ ದ್ರವ ಸುಮಾರು ಇನ್ನೂರೈವತ್ತು ಲೀಟರ್ ಅನಿಲವಾಗುತ್ತದೆ.

ಹಡಗಿನವರ ಪುಸ್ತಕ ಏನನ್ನುತ್ತದೆ

ಸಮುದ್ರದ ಹಡಗುಗಳಿಗೆ ಐಎಂಡಿಜಿ ಕೋಡ್ ಅಂತ ಒಂದು ನಿಯಮದ ಪುಸ್ತಕ ಇದೆ. ಅಂತರರಾಷ್ಟ್ರೀಯ ಕಡಲ ಸಂಸ್ಥೆಯದು, 1965ರಲ್ಲಿ ಶುರುವಾಗಿ 2004ರಿಂದ ಕಡ್ಡಾಯ. ಅಪಾಯದ ವಸ್ತುಗಳನ್ನ ಒಂಬತ್ತು ವರ್ಗ ಮಾಡಿ, ಪ್ರತಿಯೊಂದಕ್ಕೂ ಒಂದು ಯುಎನ್ ನಂಬರ್ ಹಚ್ಚುತ್ತಾರೆ. ನಮ್ಮ ಹರಿಗೋಲನ್ನ ಆ ಪುಸ್ತಕ ಹಿಡಿದು ನೋಡಿದರೆ ನಗು ಬರುತ್ತದೆ: ಎಲ್‌ಪಿಜಿ 1075, ವರ್ಗ 2.1. ಪೆಟ್ರೋಲ್ 1203, ವರ್ಗ 3. ಗುಳಿಗೆ 1397, ವರ್ಗ 4.3, ಅಂದರೆ ನೀರು ತಾಗಿದರೆ ಉರಿಯುವ ಅನಿಲ ಬಿಡುವಂಥದ್ದು. ಮೇಷ್ಟ್ರ ಬೈಕಿಗೂ ಒಂದು ನಂಬರ್ ಇದೆ, 3166, ವರ್ಗ 9. ಹತ್ತು ಅಡಿಯ ಬುಟ್ಟಿಯಲ್ಲಿ ನಾಲ್ಕು ವರ್ಗ. ಪಣಂಬೂರಿನಲ್ಲಿ ಇಷ್ಟನ್ನ ಒಟ್ಟಿಗೆ ಇಡಲು ಹೋಗಿದ್ದರೆ ನನ್ನ ಕೆಲಸ ಹೋಗುತ್ತಿತ್ತು.

ಆ ಪುಸ್ತಕದಲ್ಲಿ ನನಗೆ ಇಷ್ಟವಾದ ಒಂದು ವಿಚಾರ ಇದೆ. ಅಪಾಯದ ಸರಕನ್ನ ಎಲ್ಲಿಡಬೇಕು ಅಂತ ಹೇಳುವಾಗ ಹಡಗುಗಳನ್ನ ಎರಡಾಗಿ ನೋಡುತ್ತದೆ. ಸರಕಿನ ಹಡಗು, ಮತ್ತು 25 ಪ್ರಯಾಣಿಕರ ಒಳಗೆ ಅಥವಾ ಉದ್ದದ ಪ್ರತಿ 3 ಮೀಟರಿಗೆ ಒಬ್ಬರಂತೆ, ಯಾವುದು ಜಾಸ್ತಿಯೋ ಅಷ್ಟರೊಳಗೆ ಜನ ಇರುವ ಹಡಗು, ಇವು ಒಂದು ಕಡೆ. ಅದಕ್ಕಿಂತ ಹೆಚ್ಚು ಜನ ಇರುವ ಹಡಗು ಇನ್ನೊಂದು ಕಡೆ. ಪೆಟ್ರೋಲು, ಎಲ್‌ಪಿಜಿ ಮೊದಲನೆಯದರಲ್ಲಿ ಹೋಗಬಹುದು, ಎರಡನೆಯದರಲ್ಲಿ ಹೋಗುವ ಹಾಗೇ ಇಲ್ಲ. ವಸ್ತು ಅದೇ, ಯಾರ ಜೊತೆ ಹೋಗುತ್ತದೆ ಅನ್ನುವುದರ ಮೇಲೆ ನಿಯಮ ಬದಲಾಗುತ್ತದೆ.

ಬರೀ ಸಂಖ್ಯೆ ಹಿಡಿದು ನೋಡಿದರೆ ನಾವು ಹದಿಮೂರು ಜನ, 25ರ ಒಳಗೇ ಬರುತ್ತೇವೆ, ಸರಿ ತಾನೇ ಅಂತ ಯಾರಾದರೂ ವಾದ ಮಾಡಬಹುದು. ಅಲ್ಲಿ ಆ 25 ಜನ ಉಕ್ಕಿನ ಹಡಗಿನ ಇನ್ನೊಂದು ತುದಿಯಲ್ಲಿರುತ್ತಾರೆ, ಬೆಂಕಿ ಆರಿಸಲು ಪಂಪು ಇರುತ್ತದೆ, ಯಾವ ಪೆಟ್ಟಿಗೆಯಲ್ಲಿ ಏನಿದೆ ಅಂತ ಕ್ಯಾಪ್ಟನ್ ಕೈಯಲ್ಲಿ ಪಟ್ಟಿ ಇರುತ್ತದೆ. ಆ ಪುಸ್ತಕ ಕೃಷ್ಣಾ ಹೊಳೆಗೆ ಬರೆದದ್ದೂ ಅಲ್ಲ. ಒಳನಾಡಿನ ನೀರಿಗೆ ನಮ್ಮಲ್ಲಿ 2021ರ ಒಳನಾಡು ಹಡಗುಗಳ ಕಾಯ್ದೆ ಇದೆ, 1917ರ ಹಳೇ ಕಾಯ್ದೆಯ ಜಾಗಕ್ಕೆ ಬಂದದ್ದು. ಎಂಜಿನ್ ಇದ್ದ ದೋಣಿಗೆ ಅದರಲ್ಲಿ ನೋಂದಣಿ, ತಪಾಸಣೆ, ವಿಮೆ ಎಲ್ಲ ಇದೆ. ಹುಟ್ಟು ಹಾಕುವ ಬಿದಿರ ಬುಟ್ಟಿಯ ತನಕ ಆ ಕಾಗದಗಳು ಇಳಿದು ಬಂದದ್ದನ್ನ ನಮ್ಮ ದಂಡೆಯಲ್ಲಿ ನಾನು ನೋಡಿಲ್ಲ.

ಪೆಟ್ರೋಲಿಗೆ ಮಾತ್ರ ನೆಲ, ನೀರು ಎರಡಕ್ಕೂ ನಡೆಯುವ ಹಳೇ ಕಾನೂನು ಇದೆ, 1934ರ ಪೆಟ್ರೋಲಿಯಂ ಕಾಯ್ದೆ. ಸ್ವಂತ ಬಳಕೆಗೆ, ಮಾರಾಟಕ್ಕಲ್ಲದೆ, 30 ಲೀಟರ್ ತನಕ ಲೈಸೆನ್ಸ್ ಬೇಡ. ಆದರೆ ಗಟ್ಟಿ ಮುಚ್ಚಳದ ಪಾತ್ರೆ ಇರಬೇಕು: ಗಾಜು ಅಥವಾ ಪಿಂಗಾಣಿಯದಾದರೆ 1 ಲೀಟರ್, ಲೋಹದ್ದಾದರೆ 25 ಲೀಟರ್ ತನಕ. ಪ್ಲಾಸ್ಟಿಕ್ಕಿನ ಹೆಸರೇ ಅಲ್ಲಿಲ್ಲ. ಶಾಮಿಯಾನದ ಹುಡುಗನಿಗೆ ಇದನ್ನ ಹೇಳಿದಾಗ, "ಬಂಕಿನಾಗ ಅವ್ರೇ ತುಂಬಿ ಕೊಟ್ರಲ್ರೀ" ಅಂದ. ಅವನ ಮಾತೂ ಖರೇನೇ.

ಬೇರು ಎಲ್ಲಿದೆ

ಘಟನೆ ಆದ ಮೇಲೆ ಊರಲ್ಲಿ ಎಲ್ಲರೂ ಬೈದದ್ದು ಆ ರೈತರನ್ನ. ನಾನೂ ಮೊದಲ ದಿನ ಬೈದೆ. ಆಮೇಲೆ ಕೂತು ಯೋಚಿಸಿದಾಗ ಹಿಡಿದ ಎಳೆ ಬೇರೆ ಕಡೆಗೇ ಹೋಯಿತು.

ಅಲ್ಯುಮಿನಿಯಂ ಫಾಸ್ಫೈಡ್ ನಮ್ಮ ದೇಶದಲ್ಲಿ ಯಾರಿಗೆ ಬೇಕಾದರೂ ಮಾರುವ ವಸ್ತು ಅಲ್ಲ. ಸರ್ಕಾರಿ ಗೋದಾಮಿನಂಥವರಿಗೆ, ತರಬೇತಿ ಪಡೆದ ಕೀಟ ನಿಯಂತ್ರಣದವರಿಗೆ ಮಾತ್ರ ಕೊಡಬೇಕು ಅಂತ ನಿರ್ಬಂಧ ಇದೆ. ನಿರ್ಬಂಧ ಒಳ್ಳೆಯದೇ. ಆದರೆ ಇಪ್ಪತ್ತು ಚೀಲ ನೆಲ್ಲು ಮನೆಯಲ್ಲಿಟ್ಟ ರೈತನಿಗೆ ಹುಳ ಹತ್ತುವುದು ನಿಲ್ಲುವುದಿಲ್ಲ. ಅಂಗಡಿಯವನು ಕದ್ದು ಮಾರುತ್ತಾನೆ. ಕದ್ದು ಮಾರುವುದರಿಂದ ಡಬ್ಬಿಯಲ್ಲಿ ಕೊಡುವುದಿಲ್ಲ, ಬಿಡಿ ಕೊಡುತ್ತಾನೆ. ಡಬ್ಬಿ ಇಲ್ಲದ್ದರಿಂದ ಚೀಟಿ ಇಲ್ಲ, ಚೀಟಿ ಇಲ್ಲದ್ದರಿಂದ ನೀರು ತಾಗಿಸಬಾರದು ಅನ್ನುವ ಮಾತು ರೈತನ ಕಿವಿಗೆ ಬೀಳುವುದಿಲ್ಲ. ಬಿದ್ದದ್ದು ಒಂದೇ ಮಾತು, ಯಾರಿಗೂ ತೋರಿಸಬ್ಯಾಡ. ಹಾಗಾಗಿ ಅವರು ಅದನ್ನ ಸಕ್ಕರೆಯ ಅಡಿ ಮುಚ್ಚಿದರು, ಚೀಲ ತಳಕ್ಕೆ ಹೋಯಿತು, ತಳದಲ್ಲಿ ನೀರಿತ್ತು. ಅವರು ಮೈಗಳ್ಳರೂ ಅಲ್ಲ, ದಡ್ಡರೂ ಅಲ್ಲ. ಹೆದರಿದ್ದರು.

ಅಪಾಯದ ಸರಕಿನ ಕೆಲಸದಲ್ಲಿ ಅರ್ಧಕ್ಕಿಂತ ಹೆಚ್ಚು ಅಂದರೆ ಡಿಕ್ಲರೇಷನ್. ಏನು ತಂದಿದ್ದೀ, ಎಷ್ಟು, ಯಾವುದರಲ್ಲಿ, ಹೇಳು. 2025ರ ಮೇ 25ರಂದು ಕೊಚ್ಚಿ ಹತ್ತಿರ ಎಂಎಸ್‌ಸಿ ಎಲ್ಸಾ 3 ಅನ್ನೋ ಹಡಗು ಮುಳುಗಿದಾಗ, ಅದರಲ್ಲಿ 640 ಕಂಟೇನರು, 13ರಲ್ಲಿ ಅಪಾಯದ ಸರಕು, 12ರಲ್ಲಿ ಕ್ಯಾಲ್ಸಿಯಂ ಕಾರ್ಬೈಡ್ ಅಂತ ಕೂಡಲೇ ಹೊರಗೆ ಬಂತು. ಕಾರ್ಬೈಡೂ ನಮ್ಮ ಗುಳಿಗೆಯ ವರ್ಗದ್ದೇ, 4.3. ದಂಡೆಗೆ ಏನಾದರೂ ಬಂದರೆ ಮುಟ್ಟಬೇಡಿ ಅಂತ ಕೇರಳದವರು ಜನರಿಗೆ ಹೇಳಲು ಆಗಿದ್ದು ಪಟ್ಟಿ ಇದ್ದದ್ದರಿಂದ. ಇನ್ನೊಂದು ಕಡೆ ನೋಡಿ, 2023ರ ಆಗಸ್ಟ್ 26ರಂದು ಮದುರೈನಲ್ಲಿ ನಿಂತಿದ್ದ ಪ್ರವಾಸಿ ರೈಲು ಬೋಗಿಗೆ ಬೆಂಕಿ ಬಿದ್ದು 9 ಜನ ತೀರಿಕೊಂಡರು. ಕದ್ದು ಒಯ್ದಿದ್ದ ಗ್ಯಾಸ್ ಸಿಲಿಂಡರ್. ರೈಲಿನಲ್ಲಿ ಅಪಾಯದ ವಸ್ತು ಒಯ್ದರೆ ಮೂರು ವರ್ಷದ ತನಕ ಜೈಲು ಅಂತ 1989ರ ರೈಲ್ವೆ ಕಾಯ್ದೆಯ 164ನೇ ಕಲಂ ಹೇಳುತ್ತದೆ. ಶಿಕ್ಷೆ ಇತ್ತು. ಸಿಲಿಂಡರ್ ಬೋಗಿಯಲ್ಲೇ ಇತ್ತು.

ಹುಣಸೆ ಗಿಡದ ಕೆಳಗಿನ ಸಭೆ

ಜವಳ ಮುಗಿದ ಮೂರನೇ ದಿನ ದಂಡೆಯ ಹುಣಸೆ ಗಿಡದ ಕೆಳಗೆ ಒಂದಿಷ್ಟು ಜನ ಸೇರಿದರು. ನಾನು ಬಂದರಿನ ಗತ್ತಿನಲ್ಲಿ, ಇನ್ನು ಮೇಲೆ ಹರಿಗೋಲಿನಲ್ಲಿ ಗ್ಯಾಸು, ಪೆಟ್ರೋಲು, ಎಣ್ಣಿ ಯಾವುದೂ ಬೇಡ ಅಂದೆ. ಎಣ್ಣಿ ಅಂದರೆ ನಮ್ಮ ಕಡೆ ಹತ್ತಿ, ಮೆಣಸಿನಕಾಯಿಗೆ ಹೊಡೆಯುವ ಕ್ರಿಮಿನಾಶಕ. ಬಾಣಂತಿಯ ಅವ್ವನೇ ಎದ್ದು ನಿಂತು ಕೇಳಿದಳು: "ಗ್ಯಾಸ್ ಬ್ಯಾಡಂದ್ರ ಮತ್ತ ಕಟ್ಟಿಗಿ ಊದೂನೇನು? ನೀ ಬಂದು ಊದ್ತೀಯೇನಪ್ಪಾ?" ಸಭೆಗೆ ಸಭೆಯೇ ನಕ್ಕಿತು. ವಾಂತಿ ಮಾಡಿಕೊಂಡದ್ದು ಅವಳ ಮಗಳು, ಆದರೂ ಅವಳೇ ಬೇಡ ಅಂದಳು. ಬೇರೆ ದಾರಿ ಇಲ್ಲದ ಊರಿಗೆ ಬೇಡ ಅನ್ನುವ ನಿಯಮ ನಡೆಯುವುದಿಲ್ಲ ಅಂತ ನನಗೆ ಅರ್ಥವಾದದ್ದು ಅಲ್ಲೇ.

ಆಗ ಹಡಗಿನ ಪುಸ್ತಕದ ಆ ಎರಡು ಬಗೆಯ ಹಡಗಿನ ವಿಚಾರ ಹೇಳಿದೆ. ಅಂಬಿಗ ಕಾಕಾ ಕೂಡಲೇ ಹಿಡಿದ. "ಅಂದ್ರ ಮುಂಜಾನಿ ಮೊದಲ್ನೇ ಹರಗೋಲು ಬರೇ ಸಾಮಾನಿಂದು. ಮಂದಿ ಹತ್ತಂಗಿಲ್ಲ. ಹಂಗಲ್ಲೇನು?" ಹಂಗೇ. ಆದರೆ ಮಂದಿ ಇಲ್ಲದ ಟ್ರಿಪ್ಪಿಗೆ ದುಡ್ಡು ಯಾರು ಕೊಡಬೇಕು? ಇದೇ ಇಡೀ ಸಭೆಯನ್ನ ತಿಂದ ಪ್ರಶ್ನೆ, ಸುರಕ್ಷತೆಯ ಮಾತಿಗೆ ಹತ್ತು ನಿಮಿಷ, ದುಡ್ಡಿನ ಮಾತಿಗೆ ಎರಡು ತಾಸು. ಒಬ್ಬರೇ ಸಿಲಿಂಡರ್ ಒಯ್ದರೆ ಇಡೀ ಹರಿಗೋಲಿನ ಬಾಡಿಗೆ ಬೀಳುತ್ತದೆ, ಯಾರೂ ಕೊಡಲ್ಲ, ಮತ್ತೆ ಟವೆಲ್ ಹಾಸಿ ಕೂರುತ್ತಾರೆ. ಕೊನೆಗೆ ವಾರಕ್ಕೆ ಎರಡು ದಿನ, ಮಂಗಳವಾರ ಮತ್ತು ಶುಕ್ರವಾರ, ಬೆಳಗಿನ ಮೊದಲ ಹರಿಗೋಲು ಸಾಮಾನಿಗೆ ಅಂತಾಯಿತು. ಸಿಲಿಂಡರಿಗೆ ಇಷ್ಟು, ಕ್ಯಾನಿಗೆ ಇಷ್ಟು, ಕಡಿಮೆ ಬಿದ್ದರೆ ಉಳಿದ ದಿನದ ಪ್ರಯಾಣಿಕರ ದುಡ್ಡಿನಲ್ಲಿ ತಲಾ ಒಂದು ರೂಪಾಯಿ ಸೇರಿಸಿ ಸರಿ ಮಾಡುವುದು. ಏಜೆನ್ಸಿಯ ಗಾಡಿಯೂ ಆ ಎರಡು ದಿನವೇ ಬಂದರೆ ಚೆನ್ನ ಅಂತ ಕೇಳಿದೆವು, ಶುಕ್ರವಾರಕ್ಕೆ ಒಪ್ಪಿದರು.

ಸಣ್ಣಪುಟ್ಟವು ಅಲ್ಲಲ್ಲೇ ಹುಟ್ಟಿದವು. ಸಿಲಿಂಡರ್ ನಿಲ್ಲಿಸಲು ಹಳೇ ಬೈಕ್ ಟೈರು ಎರಡು ಒಂದರ ಮೇಲೊಂದು ಕಟ್ಟಿದರು, ಅದರೊಳಗೆ ಅಲ್ಲಾಡದೆ ನಿಲ್ಲುತ್ತದೆ. ತಳಕ್ಕೆ ಹಲಗೆ ಹಾಸಿದರು, ಚೀಲ ನೀರಿಗೆ ತಾಗುವುದಿಲ್ಲ. ಬೈಕು ಹತ್ತಿಸುವಾಗ ಪೆಟ್ರೋಲ್ ಕಾಕ್ ಬಂದ್. ಒಂದು ಡಬ್ಬಿ ಒಣ ಮರಳು. ಗುಳಿಗೆ ತರಲೇಬೇಕಾದರೆ ಕಂಪನಿ ಸೀಲ್ ಒಡೆಯದ ಡಬ್ಬಿ, ಅದೂ ಸಾಮಾನಿನ ಹರಿಗೋಲಿನಲ್ಲಿ ಮಾತ್ರ, ಬಿಡಿ ಗುಳಿಗೆಗೆ ಜಾಗವೇ ಇಲ್ಲ. ಹುಳದ ಕಾಟಕ್ಕೆ ನೆಲ್ಲು ಚೆನ್ನಾಗಿ ಒಣಗಿಸಿ, ಬೇವಿನ ಎಲೆ ಬೆರೆಸಿ ಇಡುವ ಹಳೇ ಪದ್ಧತಿಯನ್ನ ಕೆಲವು ಮನೆಯವರು ಮತ್ತೆ ಶುರು ಮಾಡಿದರು, ಅದು ಎಲ್ಲ ಹುಳಕ್ಕೂ ಸಾಕಾಗುವುದಿಲ್ಲ ಅಂತ ಅವರಿಗೂ ಗೊತ್ತು.

ಎಲ್ಲಕ್ಕಿಂತ ಗಟ್ಟಿಯಾಗಿ ನಾನು ಕೇಳಿಕೊಂಡದ್ದು ಒಂದು. ಹತ್ತುವಾಗ ಅಂಬಿಗರು "ಚೀಲದಾಗ ಏನೈತಿ?" ಅಂತ ಕೇಳಬೇಕು, ಹೇಳಿದವರಿಗೆ ಬೈಯಬಾರದು, ದಂಡ ಹಾಕಬಾರದು, ಸಾಮಾನು ದಂಡೆಯಲ್ಲಿಟ್ಟು ಮುಂದಿನ ಸಾಮಾನಿನ ಟ್ರಿಪ್ಪಿಗೆ ಕಳಿಸಬೇಕು. ಕೆಲವು ಯುವಕರು ಐನೂರು ರೂಪಾಯಿ ದಂಡ ಇಡೋಣ ಅಂದರು. ಇಟ್ಟರೆ ಮತ್ತೆ ಸಕ್ಕರೆಯ ಅಡಿಗೇ ಹೋಗುತ್ತದೆ ಅಂದೆ. ಗುಳಿಗೆ ತಂದ ರೈತರು ಅಲ್ಲಿಯತನಕ ಹಿಂದೆ ಕೂತು ಸುಮ್ನೆ ಕೇಳುತ್ತಿದ್ದರು. "ಕೇಳಿದ್ರ ಹೇಳ್ತಿದ್ನೆಪ್ಪಾ, ಯಾರೂ ಕೇಳ್ಲಿಲ್ಲ" ಅಂದರು. ದಂಡದ ಮಾತು ಅಲ್ಲಿಗೆ ಬಿತ್ತು.

ನಡೆಯಿತಾ

ಮೂರು ತಿಂಗಳು ಗಡಿಯಾರದ ಹಾಗೆ ನಡೆಯಿತು. ಯುಗಾದಿ ಹತ್ತಿರ ಬಂದಾಗ ಬೆಂಗಳೂರಿಂದ ಊರಿಗೆ ಬಂದವರ ನೂಕುನುಗ್ಗಲು, ಮಂಗಳವಾರದ ಸಾಮಾನಿನ ಹರಿಗೋಲಿಗೆ ಜನ ಹತ್ತಿದರು, ಅಂಬಿಗ ಕಾಕಾ ಒಬ್ಬ ಎಷ್ಟು ಜನರನ್ನ ತಡೆದಾನು. ಮಳೆಗಾಲದಲ್ಲಿ ಹರಿಗೋಲು ನಿಂತಿತು. ನೀರು ಇಳಿದು ಮತ್ತೆ ಶುರುವಾದಾಗ ಶುಕ್ರವಾರ ಮಾತ್ರ ಉಳಿಯಿತು, ಮಂಗಳವಾರ ತಾನಾಗಿಯೇ ಬಿದ್ದುಹೋಯಿತು, ಅಷ್ಟು ಸಾಮಾನೂ ಇರಲಿಲ್ಲ ಅನ್ನಿ. ಪ್ಲಾಸ್ಟಿಕ್ ಕ್ಯಾನಿನ ಪೆಟ್ರೋಲು ಇನ್ನೂ ಒಮ್ಮೊಮ್ಮೆ ಕಾಣುತ್ತದೆ. ಸಿಲಿಂಡರ್ ಮೇಲೆ ಕೂರುವುದು ಮಾತ್ರ ಪೂರ್ತಿ ನಿಂತಿದೆ, ಟೈರಿನೊಳಗೆ ನಿಂತ ಸಿಲಿಂಡರ್ ಮೇಲೆ ಕೂರಲು ಬರುವುದಿಲ್ಲ.

ಕಳೆದ ಸಲ ಹೋದಾಗ ಹತ್ತಲು ಕಾಲು ಎತ್ತಿದ್ದೆ, ಅಂಬಿಗ ಕಾಕಾ ಹುಟ್ಟು ಅಡ್ಡ ಹಿಡಿದ. "ಚೀಲದಾಗ ಏನೈತಿ?"

"ಏನಿಲ್ಲ ಕಾಕಾ, ಬಟ್ಟಿ, ಪೂಜಿ ಸಾಮಾನು."

"ಪೂಜಿ ಸಾಮಾನು ಅಂದ್ರ?"

ಊದಿನಕಡ್ಡಿ, ಕುಂಕುಮ, ಅರ್ಧ ಕೆಜಿ ಕರ್ಪೂರ. ಕರ್ಪೂರ ಅಂದಾಗ ನಾಲಿಗೆ ತಡವರಿಸಿತು. ಯುಎನ್ 2717, ವರ್ಗ 4.1, ಬೇಗ ಹೊತ್ತಿಕೊಳ್ಳುವ ಘನ ವಸ್ತು. ಬಂದರಿನಲ್ಲಿ ಅದರ ಕಾಗದ ಎಷ್ಟು ಸಲ ನಾನೇ ನೋಡಿದ್ದೆನೋ. ಕಾಕಾ ಬೈಯಲಿಲ್ಲ. ಡಬ್ಬಿ ಇಸಿದುಕೊಂಡು, ಹುಣಸೆ ಗಿಡದ ಬುಡದಲ್ಲಿದ್ದ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟ.

"ಶುಕ್ರವಾರ ಬರ್ತೈತಿ, ಹತ್ತು" ಅಂದ. ಅಂದು ಶನಿವಾರ.